ಸಾಕ್ಷಿ ಕುರ್ಚಿಯ ಮರೆ

ಮರದ ಕೆಲಸಕ್ಕೆ ಕೈ ಹಚ್ಚಿ ನನಗೆ ಮೂವತ್ತು ವರ್ಷವಾಯಿತು. ನಾನು ಕೂರಿಸಿದ ಬಾಗಿಲು ಒಂದೂ ಕಿರುಗುಟ್ಟಿಲ್ಲ, ನಾನು ಮಾಡಿದ ಮೇಜು ಒಂದೂ ಕುಂಟಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ, ನನಗೇನೂ ಬೇಸರವಿಲ್ಲ. ಮುಂದೆ ನನ್ನದೇ ಒಂದು ತಪ್ಪಿನ ವಿಷಯ ಬರುತ್ತದೆ. ಒಂದಲ್ಲ, ಎರಡು. ಅದಕ್ಕೆ ಮೊದಲೇ ನನ್ನ ಕೆಲಸ ಎಂಥದ್ದೆಂದು ನಿಮ್ಮ ಕಿವಿಗೆ ಹಾಕಿಟ್ಟೆ.

ಸೋಮವಾರ ಬೆಳಿಗ್ಗೆ ಅಂಗಡಿಯ ಕಸ ಗುಡಿಸಿ ಮುಗಿಸಿರಲಿಲ್ಲ, ಕೋರ್ಟಿನ ಗುಮಾಸ್ತರು ಬಂದು ನಿಂತರು. ಕಂಕುಳಲ್ಲಿ ಒಂದು ಕಡತ, ಜೇಬಿನಲ್ಲಿ ಮೂರು ಬಣ್ಣದ ಮೂರು ಪೆನ್ನು. ಮರದ ಹೊಟ್ಟು ಚಪ್ಪಲಿಗೆ ತಾಗದ ಹಾಗೆ ಕಾಲು ಎತ್ತಿ ಎತ್ತಿ ಇಟ್ಟುಕೊಂಡು ಒಳಗೆ ಬಂದರು.

"ಬಡಗಿಯಮ್ಮ ಅಂದ್ರೆ ನೀವೇನಾ?"

"ಬೋರ್ಡಿನಲ್ಲಿ ಹಾಗೇ ಬರೆಸಿದೀನಿ."

"ಕೋರ್ಟ್ ಹಾಲಿಗೆ ಒಂದು ಮರದ ಮರೆ ಬೇಕು. ಸಾಕ್ಷಿ ಕೂರೋ ಕುರ್ಚಿಗೂ ಆರೋಪಿ ಕೂರೋ ಬೆಂಚಿಗೂ ಮಧ್ಯೆ ನಿಲ್ಲಿಸೋದು. ಅವರಿಗೆ ಇವರು ಕಾಣಬಾರದು, ಇವರಿಗೆ ಅವರು ಕಾಣಬಾರದು. ಗುರುವಾರ ಹತ್ತೂವರೆಗೆ ವಿಚಾರಣೆ. ಅಷ್ಟರಲ್ಲಿ ನಿಂತಿರಬೇಕು, ಜಡ್ಜ್ ಸಾಹೇಬರ ಆದೇಶ."

"ನಿಂತಿರುತ್ತೆ ಬಿಡಿ. ಸಾಕ್ಷಿ ಹೇಳೋರು ಎಷ್ಟು ಎತ್ತರ ಇದಾರೆ?"

ಅವರು ಹಿಂದೆ ಮುಂದೆ ನೋಡಿದರು. "ಹೇಳುವಂತಿಲ್ಲಮ್ಮ."

"ಅಂದಾಜು ಹೇಳಿ ಸಾಕು. ನನ್ನಷ್ಟೋ, ನಿಮ್ಮಷ್ಟೋ?"

"ಹೇಳುವಂತಿಲ್ಲ."

"ಗಂಡಸೋ ಹೆಂಗಸೋ, ಅದಾದ್ರೂ?"

"ಅದೂ ಹೇಳುವಂತಿಲ್ಲ."

ನನಗೆ ರೇಗಿತು. "ಸ್ವಾಮಿ, ನಾನೇನು ಅವರ ಜಾತಕ ಕೇಳ್ತಿಲ್ಲ. ಹಲಗೆ ಕೊಯ್ಬೇಕು, ಅಳತೆ ಬೇಕು."

ಗುಮಾಸ್ತರು ಕಡತವನ್ನು ಎದೆಗೆ ಅವಚಿಕೊಂಡರು. "ಇಂಥ ಕೇಸಿನಲ್ಲಿ ಸಾಕ್ಷಿ ಹೇಳೋರ ಹೆಸರು, ಮನೆ, ಕೆಲಸ, ಯಾವುದೂ ನಮ್ಮ ಬಾಯಿಂದ ಹೊರಗೆ ಬರಬಾರದು. ಗುರುತು ಹತ್ತೋ ಒಂದು ಮಾತೂ ಬರಬಾರದು. ನಿಯಮ ಇದೆ. ಕಡತದಲ್ಲೂ ಹೆಸರಿಲ್ಲ, ಬರೀ ಒಂದು ಅಕ್ಷರ. ಹದಿನಾಲ್ಕು ವರ್ಷದಿಂದ ಇಂಥ ಕಡತ ನೋಡ್ಕೋತಿದೀನಿ, ನನ್ನ ಹೆಂಡತಿಗೂ ಒಂದು ಮಾತು ಗೊತ್ತಿಲ್ಲ." ಆ ಕ್ಷಣಕ್ಕೆ ಮನಸ್ಸಿನಲ್ಲೇ ಅವರಿಗೆ ನಿಯಮಪ್ಪ ಅಂತ ಹೆಸರಿಟ್ಟೆ, ಅವರು ಹೋದ ಮೇಲೆ ತಂಗಿಯ ಎದುರೂ ಹಾಗೇ ಕರೆದೆ.

"ಇಂಥ ಕೇಸು ಅಂದ್ರೆ ಎಂಥ ಕೇಸು?"

ಅವರು ದನಿ ತಗ್ಗಿಸಿ ಹೇಳಿದರು. ಅಂಗಡಿಯ ಹಿಂಭಾಗದಲ್ಲಿ ನನ್ನ ತಂಗಿ ಒಂದು ಕಪಾಟಿಗೆ ಪಾಲಿಶ್ ಪೇಪರ್ ತಿಕ್ಕುತ್ತಿದ್ದಳು. ಆ ಸದ್ದು ನಿಂತಿತು. ಗಿರಾಕಿಗಳ ಎದುರು ಬಾಯಿ ಬಿಡದವಳು ಅಲ್ಲಿಂದಲೇ ಹೇಳಿದಳು. "ಉದ್ದ ಇದ್ರೂ ಗಿಡ್ಡ ಇದ್ರೂ ಮುಚ್ಚೋ ಹಾಗೆ ಮಾಡು ಅಕ್ಕ. ಯಾರು ಏನು ಅಂತ ಅವರನ್ನ ಕೇಳಬೇಡ."

ಅವಳು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು.

ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಬಣ್ಣದಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿಯ ಯಜಮಾನ ಒಂದು ದಿನ ಷಟರ್ ಎಳೆದು ಅವಳ ಮೇಲೆ ಅತ್ಯಾಚಾರ ಮಾಡಿದ. ಇದನ್ನು ಸುತ್ತಿ ಬಳಸಿ ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಅವಳು ಅದೇ ದಿನ ನನಗೆ ಹೇಳಿದಳು, ನಾವು ದೂರು ಕೊಟ್ಟೆವು, ಕೇಸು ಇದೇ ಕೋರ್ಟಿಗೆ ಬಂತು. ಸಾಕ್ಷಿ ಹೇಳುವ ದಿನ ಹಾಲಿನ ತುಂಬ ಬೇರೆ ಬೇರೆ ಕೇಸಿಗೆ ಬಂದ ಜನ. ಹತ್ತು ಹೆಜ್ಜೆ ದೂರದಲ್ಲಿ ಅವನು ಕೂತಿದ್ದ. ಅವನ ವಕೀಲ ಎದ್ದು ನಿಂತು, ನಡೆದದ್ದನ್ನು ಬಿಟ್ಟು, ಅದಕ್ಕೆ ಮೊದಲು ನೀನು ಯಾರ ಯಾರ ಜೊತೆ ಓಡಾಡುತ್ತಿದ್ದೆ ಎಂದು ಕೇಳಿದ. ಅದಕ್ಕೂ ಅವಳು ಜಗ್ಗಲಿಲ್ಲ. ಆದರೆ ಆ ಯಜಮಾನ ತನ್ನ ಬೆರಳಿಗೆ ಸಿಕ್ಕಿಸಿಕೊಂಡಿದ್ದ ಅಂಗಡಿಯ ಬೀಗದ ಕೈ ಗೊಂಚಲನ್ನು ಗರಗರ ತಿರುಗಿಸಿದ. ಷಟರ್ ಎಳೆಯುವ ಮುಂಚೆಯೂ ಹಾಗೆಯೇ ತಿರುಗಿಸಿದ್ದನಂತೆ, ಅವತ್ತು ರಾತ್ರಿ ನಾನು ಕೆದಕಿ ಕೇಳಿದಾಗ ಹೇಳಿದ್ದು. ಹಾಲಿನಲ್ಲಿ ಅದರ ಅರ್ಥ ಗೊತ್ತಿದ್ದದ್ದು ಇವಳಿಗೊಬ್ಬಳಿಗೆ. ಅಲ್ಲಿಂದಾಚೆಗೆ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಅವನು ಬಿಡುಗಡೆಯಾಗಿ ಹೋದ.

ನಾನು ಅವತ್ತು ಹೊರಗೇ ಉಳಿದು, ಅವಳಿಗೆ ಹೇಳಿ ಕಳಿಸಿದ್ದೇನು ಗೊತ್ತೇ? "ಅವನ ಕಡೆ ನೋಡಬೇಡ, ಧೈರ್ಯವಾಗಿ ಹೇಳಿಬಿಡು." ಎಂಥ ಬುದ್ಧಿವಾದ! ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ. ಆಮೇಲೆ ಅವಳು ನನ್ನ ಅಂಗಡಿಗೇ ಬಂದಳು, ಪಾಲಿಶ್ ಕೆಲಸ ಕಲಿತಳು, ಈಗ ಅವಳ ಕೈಗೆ ಸಾಟಿ ಇಲ್ಲ. ಆದರೆ ಕೋರ್ಟಿನ ಬೀದಿಗೆ ಮಾತ್ರ ಕಾಲಿಡುವುದಿಲ್ಲ. ಸಾಮಾನಿನ ಗಾಡಿ ತಳ್ಳುವಾಗಲೂ ಎರಡು ಬೀದಿ ಸುತ್ತಿಕೊಂಡು ಹೋಗುತ್ತಾಳೆ.

ಮಧ್ಯಾಹ್ನ ನಾನೊಬ್ಬಳೇ ಅಳತೆಗೆ ಹೋದೆ. ಹಾಲಿನಲ್ಲಿ ಸರ್ಕಾರಿ ವಕೀಲೆ ಕಾಯುತ್ತಿದ್ದರು. ಇನ್ನೂ ನಲವತ್ತಾಗದ ಹೆಂಗಸು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು, ಮಾತು ಮಾತ್ರ ಚುರುಕು.

"ಮರೆ ಹೊಸದಾಗಿ ಯಾಕೆ? ಹಳೇದು ಇರಲಿಲ್ವಾ?" ಅಂತ ಕೇಳಿದೆ.

"ಇತ್ತು. ಬನ್ನಿ ತೋರಿಸ್ತೀನಿ," ಅಂತ ಅವರು ನನ್ನನ್ನು ಗುಮಾಸ್ತರ ಊಟದ ಕೋಣೆಗೆ ಕರೆದುಕೊಂಡು ಹೋದರು. ಚೌಕಟ್ಟಿಗೆ ಬಟ್ಟೆ ಬಿಗಿದ ಒಂದು ಮರೆ ಅಲ್ಲಿ ನಿಂತಿತ್ತು. ಅದರ ಹಿಂದೆ ಊಟದ ಡಬ್ಬಿ ತೊಳೆಯುವ ತೊಟ್ಟಿ. ಬಟ್ಟೆಗೆ ಸಾರಿನ ಕಲೆ, ಮೇಲೆ ಎರಡು ಒದ್ದೆ ಟವೆಲ್. ಯಾವ ಕಾಲದಲ್ಲೋ ಆದೇಶ ಬಂದು, ಮಾಡಿಸಿ, ಒಂದು ಸಲವೂ ಹಾಲಿಗೆ ತರದೆ ಇಲ್ಲಿಗೆ ಸಾಗಿಸಿದ್ದರಂತೆ. ಒಂದು ಹುಡುಗಿಯ ಮಾನ ಕಾಯಬೇಕಾದ ಮರೆ ಎಂಜಲು ತೊಟ್ಟಿಯ ಮಾನ ಕಾಯುತ್ತಾ ನಿಂತಿತ್ತು. ನನ್ನ ಬಾಯಲ್ಲಿ ಬಂದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ.

"ಬೈಯಿರಿ, ತಪ್ಪಿಲ್ಲ," ಅಂದರು ವಕೀಲೆ. "ಕಾನೂನು ಪುಸ್ತಕದಲ್ಲಿದ್ರೆ ಸಾಲದು, ಯಾರಾದ್ರೂ ಎತ್ತಿ ತಂದು ನಿಲ್ಲಿಸಬೇಕು. ಈ ಸಲ ನಾನು ಒಂದೊಂದಕ್ಕೂ ಅರ್ಜಿ ಹಾಕಿದೀನಿ. ಬಾಗಿಲು ಮುಚ್ಚಿ ವಿಚಾರಣೆ ಆಗುತ್ತೆ, ಸಂಬಂಧ ಇಲ್ಲದ ಒಬ್ಬರೂ ಒಳಗಿರಲ್ಲ. ಅವಳ ಪಕ್ಕದಲ್ಲಿ ಅವಳಿಗೆ ಬೇಕಾದ ಒಬ್ಬರು ಕೂರಬಹುದು, ಅವಳು ಚಿಕ್ಕಮ್ಮನ್ನ ಆರಿಸಿದಾಳೆ. ಹಿಂದಿನ ಜೀವನ ಕೆದಕೋ ಪ್ರಶ್ನೆ ಬಂದ್ರೆ ಸಾಹೇಬರು ಅಲ್ಲೇ ತಡೀತಾರೆ. ಆರೋಪಿ ಎಲ್ಲಾನೂ ಕೇಳಿಸ್ಕೋಬಹುದು, ಅವನ ವಕೀಲರು ಅವಳನ್ನ ನೋಡಿ ಪ್ರಶ್ನೆ ಕೇಳಬಹುದು. ಅದು ಅವನ ಹಕ್ಕು, ಅದನ್ನ ನಾವು ಕಿತ್ಕೊಳ್ಳಲ್ಲ. ಕೂತಲ್ಲಿಂದ ಅವಳನ್ನ ಹೆದರಿಸೋ ಅವಕಾಶ ಮಾತ್ರ ಇಲ್ಲ."

"ಗುರುವಾರ ಆಗದೆ ಹೋದ್ರೆ?"

"ಮೂರು ಸಲ ಮುಂದಕ್ಕೆ ಹೋಗಿದೆ. ಒಂದು ಸಲ ಅವರ ವಕೀಲರಿಗೆ ಜ್ವರ, ಒಂದು ಸಲ ಕಾಗದ ಸಿಗಲಿಲ್ಲ, ಇನ್ನೊಂದು ಸಲ ಈ ಮರೆ ಇರಲಿಲ್ಲ. ನಾಲ್ಕನೇ ಸಲ ಮನಸ್ಸು ಗಟ್ಟಿ ಮಾಡ್ಕೊಂಡು ಬರೋ ಶಕ್ತಿ ನನಗಿಲ್ಲ ಅಂದಿದಾಳೆ. ಗುರುವಾರ ಅವನ ಮುಖ ಕಣ್ಣಿಗೆ ಬಿದ್ರೂ ಎದ್ದು ಹೋಗ್ತಾಳೆ. ಅವಳು ಹೇಳದೆ ಇದ್ರೆ ಕೇಸಿಲ್ಲ."

"ಅವನ ಮುಖ ಕಣ್ಣಿಗೆ ಬೀಳಲ್ಲ ಬಿಡಿ," ಅಂದೆ. ಹಾಗೆ ಹೇಳುವಾಗ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ನಾನು ಅಳತೆ ತೆಗೆಯುವುದು ಟೇಪಿನಿಂದಲ್ಲ, ದಾರದಿಂದ. ಸಾಕ್ಷಿ ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಒಂದು ಮೊಳೆ, ಆರೋಪಿಯ ಬೆಂಚಿನ ಮೇಲೆ ಒಂದು ಮೊಳೆ, ಮಧ್ಯೆ ದಾರ. ಗಿಡ್ಡ ಇದ್ದರೆ ಒಂದು ದಾರ, ಉದ್ದ ಇದ್ದರೆ ಇನ್ನೊಂದು, ಮುಂದಕ್ಕೆ ಬಾಗಿದರೆ, ಹಿಂದಕ್ಕೆ ಒರಗಿದರೆ, ಎದ್ದು ನಿಂತರೆ. ಹನ್ನೊಂದು ದಾರ ಕಟ್ಟಿದೆ. ಅಷ್ಟಕ್ಕೂ ಅಡ್ಡವಾಗುವ ಹಾಗೆ, ನ್ಯಾಯಾಧೀಶರಿಗೆ ಮತ್ತು ವಕೀಲರಿಗೆ ಮಾತ್ರ ಅಡ್ಡವಾಗದ ಹಾಗೆ, ಮೂರು ಮಡಿಕೆಯ ಮರೆಯ ನಕ್ಷೆ ಎಳೆದೆ. ನಿಯಮಪ್ಪ ದಾರದ ಕೆಳಗೆ ಬಗ್ಗಿ ಬಗ್ಗಿ ಓಡಾಡುತ್ತಿದ್ದರು. ನನ್ನ ಬೆನ್ನು ನಾನೇ ತಟ್ಟಿಕೊಂಡು ಮನೆಗೆ ಬಂದೆ.

ಮಂಗಳವಾರ ಕೊಯ್ದು, ಉಜ್ಜಿ, ಜೋಡಿಸಿದೆ. ಮಧ್ಯೆ ತಂಗಿ ಬಂದು ನಿಂತಳು.

"ಒಳಗಡೆ ಒಂದು ಹಲಗೆ ಹಾಕು ಅಕ್ಕ. ಕೂತವಳ ಬಲಗೈ ಹತ್ತಿರ."

"ಯಾಕೆ, ನೀರಿನ ಲೋಟ ಇಡೋಕಾ?"

"ಲೋಟ ಇಡೋಕೆ ಅನ್ಕೋ. ಕೈ ಎಲ್ಲಿಡಬೇಕು ಅಂತಾನೇ ಗೊತ್ತಾಗಲ್ಲ ಅಲ್ಲಿ."

ಹತ್ತೊಂಬತ್ತು ವರ್ಷದಲ್ಲಿ ಆ ದಿನದ ಬಗ್ಗೆ ಅವಳಾಗಿ ಆಡಿದ ಮೊದಲ ಮಾತು ಅದು. ನಾನು ಇದ್ದುದರಲ್ಲೇ ಒಳ್ಳೆಯ ಹಲಗೆ ಹುಡುಕಿ, ಒಂದು ಅಡಿ ಅಗಲಕ್ಕೆ ಕೊಯ್ದು ಒಳಮೈಗೆ ಕೂರಿಸಿದೆ.

ಅವಳು ಎರಡು ಕೋಟು ವಾರ್ನಿಷ್ ಹೊಡೆದಳು. ಬುಧವಾರ ಬೆಳಿಗ್ಗೆ ನೋಡಿದರೆ ಆ ಹಲಗೆ ಒಂದು ಕಡೆ ಮಂಕು, ಒಂದು ಕಡೆ ಹೊಳಪು. ನನಗೆ ಕಣ್ಣಿಗೆ ಕಸ ಬಿದ್ದ ಹಾಗಾಯಿತು. ಇನ್ನೊಂದು ಕೋಟು ಹೊಡೆಯೋಣ ಅಂದೆ. "ಮೋಡ ಹಾಕಿದೆ, ಈ ಹವೆಗೆ ಆರಲ್ಲ," ಅಂದಳು. "ಆರುತ್ತೆ," ಅಂದೆ. "ಪಾಲಿಶ್ ವಿಷಯ ನನಗೆ ಬಿಡು," ಅಂದಳು. ಅವಳು ಊಟಕ್ಕೆ ಹೋದಾಗ ನಾನೇ ಬ್ರಷ್ ತಗೊಂಡು ಹೊಡೆದುಬಿಟ್ಟೆ. ಬಂದು ನೋಡಿ ಮುಖ ಗಂಟಿಕ್ಕಿಕೊಂಡಳು, ಆಮೇಲೆ ಇಳಿಹೊತ್ತಿನವರೆಗೆ ನನ್ನ ಜೊತೆ ಮಾತಿಲ್ಲ. ಅಂಗಡಿ ಮುಚ್ಚುವಾಗ ಒಂದೇ ಮಾತು ಹೇಳಿದಳು.

"ನಾಳೆ ನಾನೂ ಬರ್ತೀನಿ."

"ಕೋರ್ಟಿಗಾ?"

"ಇನ್ನೆಲ್ಲಿಗೆ? ಬೇಡ ಅಂತೀಯಾ?"

"ನಾನ್ಯಾಕೆ ಬೇಡ ಅನ್ಲಿ," ಅಂದೆ.

ಗುರುವಾರ ಎಂಟೂವರೆಗೆ ಗಾಡಿಯಲ್ಲಿ ಮರೆ ಹೇರಿಕೊಂಡು ಹೊರಟೆವು. ಕೋರ್ಟಿನ ಮೆಟ್ಟಿಲ ಬಳಿ ಅವಳು ನಿಂತು ಕೂದಲು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಕಟ್ಟಿದ್ದು ಸರಿಯಾಗಲಿಲ್ಲ ಅಂತ ಇನ್ನೊಂದು ಸಲ ಕಟ್ಟಿದಳು. ನಾನು ಗಾಡಿಯ ಹಗ್ಗ ಬಿಚ್ಚುವುದರಲ್ಲೇ ಮುಳುಗಿದವಳ ಹಾಗೆ ನಿಂತಿದ್ದೆ. ಆಮೇಲೆ ಅವಳೇ ಮರೆಯ ಒಂದು ತುದಿ ಎತ್ತಿಕೊಂಡು "ಹ್ಞೂಂ, ನಡಿ" ಅಂದಳು.

ಹಾಲು ಖಾಲಿಯಿತ್ತು. ನಕ್ಷೆಯ ಪ್ರಕಾರ ಮರೆ ನಿಲ್ಲಿಸಿದೆವು. ಒಂದು ಕೂದಲೆಳೆ ಆಚೀಚೆ ಇಲ್ಲ. ನಿಯಮಪ್ಪನವರನ್ನು ಆರೋಪಿಯ ಬೆಂಚಿನ ಮೇಲೆ ಕೂರಿಸಿದೆ. ಅಲ್ಲಿ ಕೂರುವುದಕ್ಕೆ ಅವರಿಗೆ ಮುಜುಗರ, ತುದಿಯಲ್ಲಿ ಕೂತರು. ಸಾಕ್ಷಿ ಕುರ್ಚಿಯಲ್ಲಿ ನಾನು ಕೂರಲು ಹೊರಟೆ. ತಂಗಿ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ ತಾನೇ ಕೂತಳು.

"ಕಾಣ್ತಾರಾ?" ಅಂತ ಕೇಳಿದೆ.

"ಇಲ್ಲ."

"ಬಾಗು. ಈಗ?"

"ಇಲ್ಲ."

ನಾನು ಕೈ ಕೊಡವಿಕೊಂಡೆ. ಆಯಿತು, ಇನ್ನೇನು. ಆದರೆ ಅವಳು ಏಳಲಿಲ್ಲ. ಎರಡು ಕೈಯನ್ನೂ ಮಡಿಲಿನಲ್ಲಿಟ್ಟುಕೊಂಡು ಕೂತೇ ಇದ್ದಳು. ಕಣ್ಣು ಎದುರಿನಿಂದ ಮೆಲ್ಲಗೆ ಜಾರಿ, ವಕೀಲರ ಮೇಜು ದಾಟಿ, ಹಾಲಿನ ಹಿಂದಿನ ಗೋಡೆಗೆ ಹೋಯಿತು. ಅಲ್ಲಿ ನಿಂತಿತು.

"ಅಕ್ಕ, ನಿಯಮಪ್ಪನೋರು ಕಾಣ್ತಿದಾರೆ."

"ಯಾರಪ್ಪ ಅದು?" ಅಂದರು ಬೆಂಚಿನ ಮೇಲಿದ್ದವರು.

ನನಗೆ ನಾಲಿಗೆ ಕಚ್ಚಿಕೊಳ್ಳುವುದಕ್ಕೂ ಪುರುಸೊತ್ತಿರಲಿಲ್ಲ. "ಎಲ್ಲಿ ಕಾಣ್ತಾರೆ? ಸಾಧ್ಯವೇ ಇಲ್ಲ. ಹನ್ನೊಂದು ದಾರ ಕಟ್ಟಿದೀನಿ!"

ಅವಳು ಬೆರಳು ತೋರಿಸಿದಳು. ಹಿಂದಿನ ಗೋಡೆಗೆ ಒರಗಿಸಿ ಕಾನೂನು ಪುಸ್ತಕದ ಎತ್ತರದ ಕಪಾಟು, ಎರಡು ಗಾಜಿನ ಬಾಗಿಲು. ಕಿಟಕಿಯ ಬೆಳಕಿಗೆ ಆ ಗಾಜಿನಲ್ಲಿ ಬೆಂಚು, ಬೆಂಚಿನ ಮೇಲೆ ಗುಮಾಸ್ತರು, ಅವರ ಜೇಬಿನ ಮೂರು ಪೆನ್ನು ಸಮೇತ ಸ್ಪಷ್ಟವಾಗಿ ಕಾಣುತ್ತಿದ್ದವು. ನಾನು ಓಡಿಹೋಗಿ ಬೆಂಚಿನ ಮೇಲೆ ಕೂತು ನೋಡಿದೆ. ಗಾಜಿನೊಳಗಿಂದ ನನ್ನ ತಂಗಿ ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು.

ಎದುರುಬದುರು ಕಾಣಿಸುವುದಕ್ಕೆ ಮಾತ್ರ ನಾನು ದಾರ ಕಟ್ಟಿದ್ದೆ. ಗಾಜಿಗೆ ಹೋಗಿ ತಿರುಗಿ ಬರುವ ದಾರ ನನ್ನ ತಲೆಗೇ ಹೊಳೆದಿರಲಿಲ್ಲ.

"ಅಲ್ಲಿ ಯಾಕೆ ನೋಡ್ತಾಳೆ ಅವಳು?" ಅಂತ ಕೇಳಿದೆ. ಕೇಳಿದ್ದು ಸೋತವಳ ವಾದ.

"ಇಲ್ಲಿ ಕೂತವಳು ಎದುರಿಗೆ ನೋಡಲ್ಲ ಅಕ್ಕ. ಪ್ರಶ್ನೆ ಕೇಳೋರ ಮುಖಾನೂ ನೋಡಲ್ಲ. ಎಲ್ಲಾದ್ರೂ ಒಂದು ಕಡೆ ಕಣ್ಣು ಇಟ್ಕೋಬೇಕಲ್ಲ, ಹೇಳೋವರೆಗೂ. ಜನ ಇಲ್ಲದ ಕಡೆ ಇಟ್ಕೋತಾಳೆ. ಅವತ್ತು ನಾನೂ ಆ ಪುಸ್ತಕಗಳನ್ನೇ ನೋಡ್ತಿದ್ದೆ. ಬೀಗದ ಕೈ ತಿರುಗಿದ್ದು ಅದರಲ್ಲೇ ಕಾಣಿಸ್ತು."

ಅವನ ಕಡೆ ನೋಡಬೇಡ ಅಂತ ನಾನು ಹೇಳಿ ಕಳಿಸಿದ್ದೆ. ಅವಳು ನೋಡಿರಲಿಲ್ಲ. ಹತ್ತೊಂಬತ್ತು ವರ್ಷ ನಾನು, ನನ್ನ ಮಾತು ಕೇಳಿದ್ದರೆ ಅವಳು ಗೆಲ್ಲುತ್ತಿದ್ದಳೇನೋ ಅಂತ ಒಳಗೊಳಗೇ ಅಂದುಕೊಂಡದ್ದೂ ಉಂಟು. ನನಗೆ ಅಳು ಬಂತು. ಆದರೆ ಗೋಡೆಯ ಗಡಿಯಾರದಲ್ಲಿ ಒಂಬತ್ತು ಐವತ್ತು, ಅಳುವುದಕ್ಕೆ ಸಮಯವಿರಲಿಲ್ಲ.

"ಕಪಾಟು ಆಚೆ ಸಾಗಿಸೋಣ," ಅಂದೆ.

"ಗೋಡೆಗೆ ಬಿಗಿದಿದಾರೆ," ಅಂದರು ಗುಮಾಸ್ತರು.

"ಗಾಜಿಗೆ ಕಾಗದ ಅಂಟಿಸ್ತೀನಿ."

"ಕೋರ್ಟಿನ ಪೀಠೋಪಕರಣಕ್ಕೆ ಏನನ್ನೂ ಅಂಟಿಸಬಾರದು. ಸುತ್ತೋಲೆ ಇದೆ."

"ಬಾಗಿಲು ಕಳಚಬಾರದು ಅಂತ ಸುತ್ತೋಲೆ ಇದೆಯಾ?"

ಪಾಪ, ಅವರು ನಿಜವಾಗಿಯೂ ಯೋಚನೆ ಮಾಡಿದರು. ಚಾವಣಿ ನೋಡಿದರು, ಬೆರಳು ಮಡಿಸಿದರು. "ಇಲ್ಲ," ಅಂದರು. "ಹಾಗಂತ ಯಾವುದೂ ಬಂದಿಲ್ಲ."

"ಹಾಗಾದ್ರೆ ಕಳಚ್ತೀನಿ."

ಕಳಚುವುದು ಹೇಳಿದಷ್ಟು ಸುಲಭವಿರಲಿಲ್ಲ. ಯಾವ ಮಹಾನುಭಾವನೋ ಕೀಲಿನ ಮೇಲೆಯೇ ಬಣ್ಣ ಬಳಿದಿದ್ದ, ಒಂದು ಸಲವಲ್ಲ, ನಾಲ್ಕು ಸಲ. ಸ್ಕ್ರೂವಿನ ತಲೆಯೇ ಕಾಣದು. ತಂಗಿ ಉಳಿ ತಗೊಂಡು ಬಣ್ಣ ಕೆರೆಯುತ್ತಾ ಹೋದಳು, ನಾನು ಹಿಂದೆ ಹಿಂದೆ ತಿರುಗಿಸುತ್ತಾ ಬಂದೆ. ಒಂದು ಸ್ಕ್ರೂ ಜಪ್ಪಯ್ಯ ಅಂದರೂ ಬರಲಿಲ್ಲ, ಅದರ ಅಪ್ಪ ಅಮ್ಮ ಎಲ್ಲರನ್ನೂ ಬೈದು ಕಿತ್ತೆ. ಗುಮಾಸ್ತರು ಕೋಟು ಬಿಚ್ಚಿಟ್ಟು, ಮೊದಲ ಬಾಗಿಲನ್ನು ಮಗು ಎತ್ತಿಕೊಂಡ ಹಾಗೆ ಎರಡು ಕೈಯಲ್ಲಿ ಹಿಡಿದು ಒಳಕೋಣೆಗೆ ಸಾಗಿಸಿದರು.

ಎರಡನೇ ಬಾಗಿಲು ನನ್ನ ಕೈಯಲ್ಲಿರುವಾಗಲೇ ಆರೋಪಿಯ ವಕೀಲರು ಬಂದರು, ಹಿಂದೆಯೇ ಸರ್ಕಾರಿ ವಕೀಲೆ, ಅವರ ಹಿಂದೆ ನ್ಯಾಯಾಧೀಶರು. ಆರೋಪಿಯ ವಕೀಲರಿಗೆ ವಿಷಯ ಅರ್ಥವಾಗಲು ಒಂದು ನಿಮಿಷ ಹಿಡಿಯಲಿಲ್ಲ.

"ಇದು ಅತಿಯಾಯ್ತು ಸ್ವಾಮಿ. ಮರೆ ಅಂದ್ರು, ಒಪ್ಪಿದ್ವಿ. ಈಗ ಕಪಾಟನ್ನೂ ಬೋಳಿಸ್ತಿದಾರೆ. ನನ್ನ ಕಕ್ಷಿದಾರನಿಗೂ ಹಕ್ಕುಗಳಿವೆ."

ನ್ಯಾಯಾಧೀಶರು ತಾವೇ ನಡೆದು ಹೋಗಿ ಆರೋಪಿಯ ಬೆಂಚಿನ ಬಳಿ ನಿಂತು, ನನ್ನ ಕೈಯಲ್ಲಿದ್ದ ಬಾಗಿಲನ್ನು ಮೊದಲಿದ್ದ ಜಾಗದಲ್ಲಿ ಹಿಡಿಯಲು ಹೇಳಿ, ನೋಡಿದರು. ಮತ್ತೆ ಸಾಕ್ಷಿ ಕುರ್ಚಿಯ ಬಳಿ ಹೋಗಿ ನೋಡಿದರು.

"ಅವರ ಹಕ್ಕುಗಳು ಪೂರ್ತಿ ಇವೆ," ಅಂದರು. "ಪ್ರತಿ ಮಾತೂ ಕೇಳಿಸುತ್ತೆ, ನೀವು ಅವರ ಪರವಾಗಿ ಪ್ರಶ್ನೆ ಕೇಳ್ತೀರಿ. ಸಾಕ್ಷೀನ ಗಾಜಿನಲ್ಲಿ ದಿಟ್ಟಿಸೋ ಹಕ್ಕು ಯಾವ ಪುಸ್ತಕದಲ್ಲಿದೆ ತೋರಿಸಿ, ಬಾಗಿಲು ಮತ್ತೆ ಹಾಕಿಸ್ತೀನಿ. ಪುಸ್ತಕಗಳೆಲ್ಲ ಅಲ್ಲೇ ಇವೆ. ಬಾಗಿಲೂ ಇಲ್ಲ, ತೆಗೆಯೋದು ಸುಲಭ."

ವಕೀಲರು ಪುಸ್ತಕ ತೆಗೆಯಲಿಲ್ಲ. ನಾನು ಬಾಗಿಲು ಹೊತ್ತು ಹೊರಗೆ ನಡೆದೆ. ಹಾಗೆ ನಡೆಯುವಾಗ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಬಾಗಿಲಿನ ಭಾರ ತಿಳಿಯಲೇ ಇಲ್ಲ.

ಹತ್ತೂವರೆಗೆ ಹಾಲಿನ ಬಾಗಿಲು ಮುಚ್ಚಿತು. ಹುಡುಗಿಯನ್ನು ಹಿಂದಿನ ದಾರಿಯಿಂದ ಕರೆತಂದರಂತೆ. ನಾವು ನೋಡಲಿಲ್ಲ, ನೋಡಬಾರದು ಕೂಡ. ವಿಚಾರಣೆ ಮುಗಿದ ಮೇಲೆ ಕಪಾಟಿನ ಬಾಗಿಲು ಹಾಕಿಕೊಡಬೇಕೆಂದು ನಿಯಮಪ್ಪ ಹೇಳಿದ್ದರಿಂದ ಪಡಸಾಲೆಯ ಬೆಂಚಿನಲ್ಲಿ ಕೂತೆವು. ತಂಗಿ ಉಗುರಿನಲ್ಲಿ ಸಿಕ್ಕಿದ್ದ ಬಣ್ಣದ ಚಕ್ಕೆ ಕೀಳುತ್ತಿದ್ದಳು. ನಾನು ಸುಮ್ಮನಿರಲಾರದೆ, "ನಾನು ಅವತ್ತು ಹಾಗೆ ಹೇಳಿ ಕಳಿಸಬಾರದಿತ್ತು," ಅಂದೆ.

"ಹ್ಞೂಂ, ಹೇಳಬಾರದಿತ್ತು," ಅಂದಳು. ಕಿತ್ತ ಚಕ್ಕೆ ಕೊಡವಿ, "ನೀನು ಒಳಗೆ ಬಂದು ಪಕ್ಕದಲ್ಲಿ ಕೂರಬೇಕಿತ್ತು. ಕೂರಬಹುದು ಅಂತ ನಮಗೆ ಯಾರೂ ಹೇಳಲಿಲ್ಲ," ಅಂದಳು. ಆಮೇಲೆ ನನ್ನ ಪಕ್ಕಕ್ಕೆ ಸರಿದು ಕೂತಳು.

ಮಧ್ಯೆ ಒಂದು ಸಲ ಒಳಗಿನಿಂದ ನ್ಯಾಯಾಧೀಶರ ಗಡುಸು ದನಿ ಕೇಳಿಸಿತು, "ಈ ಪ್ರಶ್ನೆ ಬೇಡ, ಮುಂದೆ ಹೋಗಿ" ಅಂತ. ತಂಗಿ ಕಣ್ಣು ಮುಚ್ಚಿ ತಲೆಯಾಡಿಸಿದಳು.

ಹನ್ನೆರಡೂ ಮುಕ್ಕಾಲಿಗೆ ಬಾಗಿಲು ತೆರೆಯಿತು. ಸರ್ಕಾರಿ ವಕೀಲೆ ನೇರ ನಮ್ಮ ಹತ್ತಿರ ಬಂದರು. ಒಳಗೆ ನಡೆದದ್ದನ್ನು ಅವರು ಹೇಳುವಂತಿಲ್ಲ, ನಾನು ಕೇಳುವಂತೆಯೂ ಇಲ್ಲ. "ಮೊದಲಿಂದ ಕೊನೇವರೆಗೂ ಹೇಳಿದಳು," ಅಂತಷ್ಟೇ ಹೇಳಿ ನಮ್ಮಿಬ್ಬರ ಕೈಯನ್ನೂ ಒಟ್ಟಿಗೆ ಹಿಡಿದು ಅದುಮಿ ಹೋದರು. ತೀರ್ಪು ಬರುವುದು ಇನ್ನೂ ಎಷ್ಟು ದಿನವೋ. ಆದರೆ ಹೇಳಬೇಕಾದವಳು ಹೇಳಿ ಮುಗಿಸಿದ್ದಳು.

ನಾವು ಬಾಗಿಲು ಜೋಡಿಸಲು ಒಳಗೆ ಹೋದರೆ, ನಿಯಮಪ್ಪ ಮರೆಯ ಒಳಮೈಗೆ ಕನ್ನಡಕ ಒತ್ತಿಕೊಂಡು ನಿಂತಿದ್ದರು. ಮುಖದಲ್ಲಿ ಗಾಬರಿ.

"ಬಡಗಿಯಮ್ಮ, ಇದೇನಾಗಿದೆ ನೋಡಿ."

ಹಲಗೆಯ ಮೇಲೆ ಒಂದು ಅಂಗೈಯ ಅಚ್ಚು ಬಿದ್ದಿತ್ತು. ಐದು ಬೆರಳು, ಅಂಗೈಯ ಗೆರೆ ಸಮೇತ. ಮೋಡದ ಹವೆಗೆ ನನ್ನ ಮೂರನೇ ಕೋಟು ಆರಿರಲಿಲ್ಲ. ಎರಡು ಗಂಟೆ ಹೊತ್ತು ಯಾರೋ ಅಲ್ಲಿ ಕೈ ಊರಿ, ಇದ್ದ ಬದ್ದ ಬಲ ಎಲ್ಲ ಅದಕ್ಕೆ ಹಾಕಿ ಮಾತಾಡಿದ್ದರು. ತಂಗಿ ನನ್ನ ಕಡೆ ಒಂದು ನೋಟ ನೋಡಿದಳು. ಪಾಲಿಶ್ ವಿಷಯದಲ್ಲಿ ನಾನು ಇನ್ನು ಬಾಯಿ ಬಿಡುವ ಹಾಗಿಲ್ಲ ಅಂತ ಅದರ ಅರ್ಥ.

"ಉಜ್ಜಿ ತೆಗೆದು ಹೊಸದಾಗಿ ಹೊಡೆದುಕೊಡ್ತೀನಿ," ಅಂದೆ.

"ಬೇಡ," ಅಂದಳು ತಂಗಿ. "ಇರಲಿ. ಮುಂದೆ ಇಲ್ಲಿ ಕೂರೋಳು ನೋಡಲಿ, ನನಗಿಂತ ಮುಂಚೆ ಇನ್ನೊಬ್ಬಳು ಹೇಳಿ ಹೋಗಿದಾಳೆ ಅಂತ."

ಗುಮಾಸ್ತರು ಕೈ ಹಿಸುಕಿಕೊಂಡರು. "ನನಗೂ ಇರಲಿ ಅಂತಾನೇ ಆಸೆಯಮ್ಮ. ಆದ್ರೆ ಇದು ಬೆರಳಚ್ಚು. ಗುರುತು ಹತ್ತೋ ಯಾವುದೂ ಉಳೀಬಾರದು. ನಿಯಮ."

ತಂಗಿ ಒಂದು ಕ್ಷಣ ಆ ಅಚ್ಚನ್ನು ನೋಡಿದಳು. ಆಮೇಲೆ ತನ್ನ ಬಲಗೈಯನ್ನು ಅದರ ಮೇಲೇ ಸರಿಯಾಗಿ ಇಟ್ಟು, ಎಡಗೈಯನ್ನು ಅದರ ಮೇಲೆ ಹೇರಿ, ಇಡೀ ಮೈಭಾರ ಹಾಕಿ ಒತ್ತಿದಳು. ಕಣ್ಣು ನೆಟ್ಟಗೆ ಹಿಂದಿನ ಗೋಡೆಯ ಕಪಾಟಿನ ಮೇಲಿತ್ತು. ಅಲ್ಲಿ ಬಾಗಿಲಿರಲಿಲ್ಲ, ಬರೀ ಪುಸ್ತಕಗಳಿದ್ದವು. ತುಟಿ ಮೆಲ್ಲಗೆ ಆಡುತ್ತಿತ್ತು. ಏನು ಹೇಳಿಕೊಂಡಳೋ ನನಗೆ ಕೇಳಿಸಲಿಲ್ಲ, ಹೇಳಿ ಮುಗಿಸುವವರೆಗೆ ನಾನು ಅವಳ ಪಕ್ಕದಲ್ಲೇ ನಿಂತೆ. ಕೈ ಎತ್ತಿದಾಗ ಹಲಗೆಯ ಮೇಲೆ ಒಂದರ ಮೇಲೊಂದು ಎರಡು ಅಂಗೈ ಇದ್ದವು, ಗೆರೆಯೊಳಗೆ ಗೆರೆ ಸೇರಿಹೋಗಿತ್ತು.

"ಈಗ ಹೇಳಿ," ಅಂದಳು ಗುಮಾಸ್ತರಿಗೆ. "ಇದು ಯಾರದ್ದು?"

ಅವರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಬಹಳ ಹೊತ್ತು ನೋಡಿದರು. ನೆಟ್ಟಗಾದಾಗ ಅವರ ಕಣ್ಣು ಒದ್ದೆಯಾಗಿತ್ತು.

"ಹೇಳುವಂತಿಲ್ಲಮ್ಮ," ಅಂದರು.

ಕಪಾಟಿನ ಬಾಗಿಲು ಮತ್ತೆ ಹಾಕಲು ನಿಯಮಪ್ಪನೇ ಬಿಡಲಿಲ್ಲ. ಬಾಗಿಲು ಇರಲೇಬೇಕು ಅಂತಲೂ ಯಾವ ಸುತ್ತೋಲೆಯೂ ಬಂದಿಲ್ಲವಂತೆ. ಖಾಲಿ ಗಾಡಿ ತಳ್ಳಿಕೊಂಡು ಗೇಟಿನಿಂದ ಹೊರಬಂದೆವು. ನಾನು ರೂಢಿಯಂತೆ ಗಾಡಿಯನ್ನು ಎಡಕ್ಕೆ, ಸುತ್ತು ದಾರಿಗೆ ತಿರುಗಿಸಿದೆ. ತಂಗಿ ವಾರ್ನಿಷ್ ಅಂಟಿದ ಕೈಯಲ್ಲೇ ಗಾಡಿಯ ಹಿಡಿ ಹಿಡಿದು ನಿಲ್ಲಿಸಿದಳು.

"ಆ ಕಡೆ ಯಾಕೆ ಅಕ್ಕ," ಅಂದಳು. "ಈ ಬೀದೀಲೇ ಹೋಗೋಣ. ಹತ್ತಿರ ಆಗುತ್ತೆ."